ಥೈರಾಯ್ಡ್ ಕಮ್ಮಿಯೋ ಜಾಸ್ತಿಯೋ: ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಶುಗರ್, ಬಿಪಿ ಬಿಟ್ಟರೆ ಇಲ್ಲಿ ಹೆಚ್ಚು ಪ್ರಶ್ನೆ ಬರುವುದು ಥೈರಾಯ್ಡ್ ಬಗ್ಗೆ. ಮಾತ್ರೆ ಚೀಲಕ್ಕೆ ಹಾಕಿಕೊಂಡು, ಚಿಲ್ಲರೆ ಎಣಿಸುತ್ತಾ 'ಅಣ್ಣಾ, ಒಂದು ಮಾತು' ಎಂದು ಶುರುವಾಗುತ್ತದೆ. ಕೆಲವರು ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೊ ಕಳಿಸಿ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಎಷ್ಟು ಡೋಸ್ ಅನ್ನುವುದನ್ನು ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರೇ ಹೇಳಬೇಕು.

## ಮೊದಲು ಕೇಳುವವು

"ನನಗೆ ಥೈರಾಯ್ಡ್ ಬಂದಿದೆಯಂತೆ ಅಣ್ಣಾ. ಅದು ಏನು ಕಾಯಿಲೆ?"

ಥೈರಾಯ್ಡ್ ಕಾಯಿಲೆಯ ಹೆಸರಲ್ಲ. ನಿಮಗೂ ಇದೆ, ನನಗೂ ಇದೆ. ಗಂಟಲಿನ ಮುಂದೆ, ಗಂಡಸರಿಗೆ ಉಬ್ಬಿ ಕಾಣುವ ಭಾಗದ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗಿರುವ ಗ್ರಂಥಿ ಅದು. ತೂಕ ಸುಮಾರು 20 ಗ್ರಾಂ. ಊಟದಲ್ಲಿ ಬರುವ ಅಯೋಡಿನ್ ಹಿಡಿದಿಟ್ಟುಕೊಂಡು ಎರಡು ಹಾರ್ಮೋನ್ ತಯಾರಿಸುತ್ತದೆ: ಟಿ4 ಮತ್ತು ಟಿ3. ಹೆಸರಿನ ಅಂಕಿ ಎಂದರೆ ಅದರಲ್ಲಿರುವ ಅಯೋಡಿನ್ ಪರಮಾಣುಗಳ ಲೆಕ್ಕ. ಟಿ4 ಗೋದಾಮಿನ ಸರಕು ಇದ್ದ ಹಾಗೆ. ಲಿವರ್, ಕಿಡ್ನಿ ಮುಂತಾದ ಕಡೆ ಅದರಿಂದ ಒಂದು ಅಯೋಡಿನ್ ಕಳಚಿದರೆ ಟಿ3 ಆಗುತ್ತದೆ. ನಿಜವಾಗಿ ಕೆಲಸ ಮಾಡುವುದು ಟಿ3.

ಹಾಗಾಗಿ 'ಥೈರಾಯ್ಡ್ ಬಂದಿದೆ' ಅನ್ನುವುದು ಅರ್ಧ ಮಾತು. ಹಾರ್ಮೋನ್ ಕಮ್ಮಿಯಾಗಿದೆಯೋ ಜಾಸ್ತಿಯಾಗಿದೆಯೋ ಅನ್ನುವುದು ಉಳಿದರ್ಧ. ಕಮ್ಮಿಯಾದರೆ ಹೈಪೋ, ಜಾಸ್ತಿಯಾದರೆ ಹೈಪರ್. ಕೇಳಲು ಒಂದೇ ಥರ, ಚಿಕಿತ್ಸೆ ಮಾತ್ರ ತದ್ವಿರುದ್ಧ. 'ನಮ್ಮ ಓರಗಿತ್ತಿಗೂ ಥೈರಾಯ್ಡೇ, ಅವಳ ಮಾತ್ರೇನೇ ಕೊಡಿ' ಎಂದು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ.

"ಕುತ್ತಿಗೆಯಲ್ಲಿರೋ ಇಷ್ಟು ಚಿಕ್ಕ ಗ್ರಂಥಿಗೂ ನನ್ನ ಮಲಬದ್ಧತೆಗೂ ಏನು ಸಂಬಂಧ?"

ಗ್ರಂಥಿ ಇರುವುದು ಕುತ್ತಿಗೆಯಲ್ಲಿ, ಹಾರ್ಮೋನ್ ಹೋಗುವುದು ಮೈಯೆಲ್ಲಾ. ಟಿ3 ಜೀವಕೋಶದ ಒಳಗೆ, ನ್ಯೂಕ್ಲಿಯಸ್‌ವರೆಗೂ ಹೋಗಿ, ಅಲ್ಲಿ ಯಾವ ಕೆಲಸ ಎಷ್ಟು ವೇಗವಾಗಿ ನಡೆಯಬೇಕು ಎಂದು ನಿಗದಿ ಮಾಡುತ್ತದೆ. ಅದು ಕಮ್ಮಿಯಾದರೆ ಎಲ್ಲಾ ಕಡೆ ಕೆಲಸ ನಿಧಾನ. ಕರುಳು ನಿಧಾನವಾದರೆ ಮಲಬದ್ಧತೆ. ಹೃದಯ ನಿಧಾನವಾದರೆ ನಾಡಿ ಇಳಿಯುತ್ತದೆ. ಮೈಯಲ್ಲಿ ಶಾಖ ಹುಟ್ಟುವುದು ಕಮ್ಮಿಯಾದರೆ ಎಲ್ಲರೂ ಸೆಖೆ ಅನ್ನುವಾಗ ಇವರಿಗೆ ಚಳಿ. ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು ಲಿವರ್ ಸರಿಯಾಗಿ ಒಳಗೆಳೆದುಕೊಳ್ಳುವುದಿಲ್ಲ, ಅದು ರಕ್ತದಲ್ಲೇ ಉಳಿಯುತ್ತದೆ.

ಇನ್ನೊಂದು ವಿಚಿತ್ರ ಇದೆ. ಚರ್ಮದ ಕೆಳಗೆ ಒಂದು ಬಗೆಯ ಅಂಟು ಪದಾರ್ಥ ಸೇರಿಕೊಂಡು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮುಖ ಊದಿದ ಹಾಗೆ ಕಾಣುತ್ತದೆ, ಒತ್ತಿದರೆ ಗುಳಿ ಬೀಳುವುದಿಲ್ಲ. ಅದೇ ಅಂಟು ಮಣಿಕಟ್ಟಿನಲ್ಲಿ ಸೇರಿದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಧ್ವನಿಪೆಟ್ಟಿಗೆಯಲ್ಲಿ ಸೇರಿದರೆ ದನಿ ಗೊಗ್ಗರಾಗುತ್ತದೆ.

ನಮ್ಮಮ್ಮನಿಗೆ ಎರಡು ವರ್ಷ ಮಲಬದ್ಧತೆಗೆ ಒಂದು ಔಷಧಿ, ಕೈ ಜೋಮಿಗೆ ಒಂದು, ಕೊಲೆಸ್ಟರಾಲಿಗೆ ಒಂದು ಎಂದು ನಾನೇ ಅಂಗಡಿಯಿಂದ ಒಯ್ದು ಕೊಟ್ಟಿದ್ದೇನೆ. ಮೂರು ಚೀಟಿಯೂ ನನ್ನ ಕೈಯಲ್ಲೇ ಇದ್ದವು. ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಬರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ 'ಫ್ಯಾನ್ ಆರಿಸೋ, ಚಳಿ' ಎಂದು ಗದರಿದಾಗ ತಲೆಗೆ ಹೊಳೆಯಿತು.

"ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ? ಸಣ್ಣ ಆಗ್ತೀವಿ."

ಸಣ್ಣ ಆಗುತ್ತೀರಿ, ನಿಜ. ಆದರೆ ಕೊಬ್ಬಿನ ಜೊತೆ ಮಾಂಸಖಂಡ, ಮೂಳೆ ಎರಡೂ ಕರಗುತ್ತವೆ. ಎರಡು ಮುದ್ದೆ ಜಾಸ್ತಿ ತಿಂದರೂ ತೂಕ ಇಳಿಯುತ್ತದೆ. ಕೂತಲ್ಲೇ ಎದೆ ಡವಡವ, ಕೈ ನಡುಕ, ಬೆವರು, ಪದೇ ಪದೇ ಭೇದಿ, ರಾತ್ರಿ ನಿದ್ದೆ ಇಲ್ಲ, ಸುಮ್ನೆ ಸಿಟ್ಟು. ತೊಡೆಯ ಶಕ್ತಿ ಇಳಿದು, ಕೆಳಗೆ ಕೂತರೆ ಕೈ ಊರದೆ ಏಳಲಾಗುವುದಿಲ್ಲ. ತೂಕ ಇಳಿಸಲು ಥೈರಾಯ್ಡ್ ಹಾರ್ಮೋನ್ ಮಾತ್ರೆ ಕೇಳಿ ಬರುವವರಿದ್ದಾರೆ. ನಾನು ಕೊಡುವುದಿಲ್ಲ.

"ಇದು ಯಾಕೆ ಬಂತು? ನಾನೇನು ತಿನ್ನಬಾರದ್ದು ತಿಂದೆ?"

ಬಹುಪಾಲು ಏನೂ ಇಲ್ಲ. ಹಾರ್ಮೋನ್ ಕಮ್ಮಿಯಾಗಲು ಈಗ ದೊಡ್ಡ ಕಾರಣ, ನಮ್ಮದೇ ರೋಗನಿರೋಧಕ ಶಕ್ತಿ ಗ್ರಂಥಿಯನ್ನು ಪರಕೀಯ ಎಂದು ತಿಳಿದು ನಿಧಾನವಾಗಿ ಹಾಳು ಮಾಡುವುದು. ಜಪಾನಿನ ಹಾಶಿಮೋಟೊ ಎಂಬ ವೈದ್ಯ 1912ರಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಜಾಸ್ತಿಯಾಗುವ ಗ್ರೇವ್ಸ್ ಕಾಯಿಲೆಯ ಬೇರೂ ಅದೇ. ಅಲ್ಲಿ ಹುಟ್ಟುವ ಪ್ರತಿಕಾಯಗಳು ಗ್ರಂಥಿಯನ್ನು ಕೊಲ್ಲುವ ಬದಲು 'ಇನ್ನೂ ಮಾಡು, ಇನ್ನೂ ಮಾಡು' ಎಂದು ಅಟ್ಟುತ್ತವೆ. ಹೆಂಗಸರಲ್ಲಿ ಎರಡೂ ಜಾಸ್ತಿ. ಒಂದೇ ಮನೆಯಲ್ಲಿ ಅಕ್ಕನಿಗೆ ಹೈಪೋ, ತಂಗಿಗೆ ಹೈಪರ್ ಇರುವುದೂ ಉಂಟು.

ಬೇರೆ ಕಾರಣಗಳೂ ಇವೆ. ಅಯೋಡಿನ್ ಕೊರತೆ, ಗ್ರಂಥಿ ತೆಗೆದ ಆಪರೇಷನ್, ತಾನೇ ತಾನಾಗಿ ಹಾರ್ಮೋನ್ ಸುರಿಸುವ ಗಂಟು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್. ಈ ಎರಡು ಮಾತ್ರೆ ತಗೊಳ್ಳುವವರು ಆಗಾಗ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಅಪರೂಪದ ಕಾಯಿಲೆ ಎಂದೂ ಅಂದುಕೊಳ್ಳಬೇಡಿ. ಬೆಂಗಳೂರು ಸೇರಿ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಹಾರ್ಮೋನ್ ಕಮ್ಮಿ ಇತ್ತು.

"ಗಂಟಲು ಊದಿದೆ. ಕ್ಯಾನ್ಸರ್ ಇರಬಹುದಾ?"

ಗಳಗಂಡ ಹಾರ್ಮೋನ್ ಕಮ್ಮಿಯಾದವರಿಗೂ ಬರುತ್ತದೆ, ಜಾಸ್ತಿಯಾದವರಿಗೂ ಬರುತ್ತದೆ, ಹಾರ್ಮೋನ್ ಸರಿ ಇದ್ದವರಿಗೂ ಬರುತ್ತದೆ. ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ. ಸ್ಕ್ಯಾನಿಂಗ್, ಬೇಕೆಂದರೆ ಸೂಜಿ ಪರೀಕ್ಷೆ ಮಾಡಿ ಹೇಳುತ್ತಾರೆ. ಗಂಟು ಬೇಗ ದೊಡ್ಡದಾಗುತ್ತಿದ್ದರೆ, ಗಟ್ಟಿ ಇದ್ದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ ಕಾಯಬೇಡಿ.

## ರಿಪೋರ್ಟ್ ಕೈಗೆ ಬಂದಾಗ

"ಟಿಎಸ್‌ಎಚ್ ಜಾಸ್ತಿ ಬಂದಿದೆ. ಅಂದ್ರೆ ನನಗೆ ಥೈರಾಯ್ಡ್ ಜಾಸ್ತಿ ತಾನೇ?"

ಉಲ್ಟಾ. ದಿನಕ್ಕೆ ಒಬ್ಬರಾದರೂ ಇದರಲ್ಲಿ ಎಡವುತ್ತಾರೆ. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕವನ್ನು ನೆನೆಸಿಕೊಳ್ಳಿ. ನೂಲು ಸರಿಯಾಗಿ ಬರುತ್ತಿದ್ದರೆ ಮಾಲೀಕ ತನ್ನ ಪಾಡಿಗೆ ಇರುತ್ತಾನೆ. ನೂಲು ಕಮ್ಮಿಯಾದರೆ ಕೂಗಾಡುತ್ತಾನೆ. ರಾಶಿ ರಾಶಿ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಟಿಎಸ್‌ಎಚ್ ಆ ಮಾಲೀಕನ ಕೂಗು. ಕೂಗು ಜೋರಾಗಿದೆ ಎಂದರೆ ಹಾರ್ಮೋನ್ ಕಮ್ಮಿ. ಕೂಗೇ ಇಲ್ಲ, 0.01 ಎಂದು ಬಂದಿದೆ ಎಂದರೆ ಬಹುಪಾಲು ಹಾರ್ಮೋನ್ ಜಾಸ್ತಿ. ದೊಡ್ಡವರಿಗೆ ಸುಮಾರು 0.4ರಿಂದ 4.5ರ ಒಳಗೆ ಸರಿ ಎಂದು ಲೆಕ್ಕ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

"6.8 ಬಂದಿದೆ. ಮಾತ್ರೆ ಶುರು ಮಾಡ್ಲೇಬೇಕಾ?"

ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ 10ರ ಒಳಗೆ ಏರಿದ್ದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಎಷ್ಟೋ ಸಲ ತಾನಾಗೇ ಇಳಿದಿರುತ್ತದೆ. 10 ದಾಟಿದರೆ ಹೆಚ್ಚಾಗಿ ಮಾತ್ರೆ ಕೊಡುತ್ತಾರೆ. ಬಸುರಿ, ಮಗು ಬೇಕೆನ್ನುವವರು, ಗಳಗಂಡ ಇರುವವರ ಲೆಕ್ಕ ಬೇರೆ, ಅವರಿಗೆ ಮುಂಚೆಯೇ ಶುರು ಮಾಡಬಹುದು. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ ವಯಸ್ಸಿನ ಜೊತೆ ತುಸು ಏರುವುದೇ ಸಹಜ. ಅಜ್ಜಿಯ 6.8ಕ್ಕೂ ಮೊಮ್ಮಗಳ 6.8ಕ್ಕೂ ಅರ್ಥ ಒಂದೇ ಅಲ್ಲ.

"ಒಂದೇ ತಿಂಗಳಲ್ಲಿ ಎರಡು ರಿಪೋರ್ಟ್, ಎರಡೂ ಬೇರೆ ಬೇರೆ. ಲ್ಯಾಬ್‌ನೋರು ತಪ್ಪು ಮಾಡಿದ್ರಾ?"

ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಗೊಳ್ತಿದ್ದೀರಾ? ಕೆಲವು ಯಂತ್ರಗಳಲ್ಲಿ ಅದು ಲೆಕ್ಕ ಕೆಡಿಸಿ, ಇಲ್ಲದ ಹೈಪರ್ ತೋರಿಸುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನಲ್ಲೂ ಹೇಳಿ.

## ಅಡುಗೆಮನೆ ಮತ್ತು ಮಾತ್ರೆ

"ಮುದ್ದೆ ಬಿಡಬೇಕಂತೆ. ಹೌದಾ? ಮುದ್ದೆ ಬಿಟ್ಟು ನಾನು ಬದುಕೋದು ಹೇಗೆ?"

ಬಿಡಬೇಡಿ. ಈ ಮಾತು ಹುಟ್ಟಿದ್ದು ಸಜ್ಜೆಯಿಂದ. ಸುಡಾನಿನಲ್ಲಿ ಸಜ್ಜೆಯನ್ನೇ ಮುಖ್ಯ ಊಟ ಮಾಡಿಕೊಂಡ ಕಡೆ ಗಳಗಂಡ ಜಾಸ್ತಿ ಇದ್ದುದನ್ನು ನೋಡಿ, ಸಜ್ಜೆಯಲ್ಲಿರುವ ಕೆಲವು ಪದಾರ್ಥಗಳು ಗ್ರಂಥಿಯ ಕೆಲಸಕ್ಕೆ ಅಡ್ಡಿ ಮಾಡುತ್ತವೆ ಎಂದು ಕಂಡುಕೊಂಡರು. ಅದನ್ನು ಎಲ್ಲಾ ಸಿರಿಧಾನ್ಯದ ತಲೆಗೂ ಕಟ್ಟಿಬಿಟ್ಟರು, ರಾಗಿಯೂ ಸಿಕ್ಕಿಕೊಂಡಿತು. ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ದಿನಕ್ಕೊಂದು ಮುದ್ದೆ ತಿಂದರೆ ಭಯವಿಲ್ಲ.

ರಾಗಿಯ ವಿಷಯದಲ್ಲಿ ನೋಡಬೇಕಾದ್ದು ಬೇರೆ. ಅದರಲ್ಲಿ ಕ್ಯಾಲ್ಸಿಯಂ ಬಹಳ, 100 ಗ್ರಾಮಿಗೆ 340 ಮಿಲಿಗ್ರಾಂ ಮೇಲೆ. ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಹಾಗಾಗಿ ಮಾತ್ರೆಯ ಹಿಂದೆಯೇ ರಾಗಿ ಅಂಬಲಿ ಕುಡಿಯಬೇಡಿ. ಮಧ್ಯಾಹ್ನದ ಮುದ್ದೆ, ಹುರುಳಿ ಸಾರು ಆರಾಮಾಗಿ ನಡೆಯಲಿ. ಎಲೆಕೋಸು, ಹೂಕೋಸು, ಮೂಲಂಗಿಯೂ ಅಷ್ಟೇ. ಬೇಯಿಸಿದರೆ ಅವುಗಳ ತೊಂದರೆ ಬಹಳ ಕಮ್ಮಿಯಾಗುತ್ತದೆ. ಹಸಿ ಎಲೆಕೋಸಿನ ಜ್ಯೂಸ್ ದಿನಾ ಲೋಟಗಟ್ಟಲೆ ಕುಡಿಯುವವರು ನಮ್ಮ ಕಡೆ ಯಾರಿದ್ದಾರೆ?

"ನಾವು ಕಲ್ಲುಪ್ಪೇ ಹಾಕೋದು. ಪರವಾಗಿಲ್ವಾ?"

ಪ್ಯಾಕೆಟ್ ಮೇಲೆ ಅಯೋಡಿನ್ ಉಪ್ಪಿನ ಗುರುತಾದ ನಗುವ ಸೂರ್ಯ ಇದ್ದರೆ ಪರವಾಗಿಲ್ಲ. ಮೂಟೆಯಿಂದ ಅಳೆದು ಕೊಡುವ ಕಲ್ಲುಪ್ಪಿನಲ್ಲಿ, ಹೆಚ್ಚು ದುಡ್ಡು ಕೊಟ್ಟು ತರುವ ಗುಲಾಬಿ ಬಣ್ಣದ ಉಪ್ಪಿನಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ.

ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿಗೆ 250. ನಮ್ಮ ಮನೆಗೆ ಬರುವ ಹೊತ್ತಿಗೆ ಒಂದು ಕೆಜಿ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಉಳಿದಿರಬೇಕೆಂಬುದು ನಿಯಮ. ಮುಚ್ಚಳ ತೆಗೆದಿಟ್ಟು ಒಲೆಯ ಪಕ್ಕ ಇಟ್ಟರೆ ಅದೂ ಹೋಗುತ್ತದೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು 1956ರಿಂದ ಅಯೋಡಿನ್ ಉಪ್ಪು ಹಂಚಿ ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಉಪ್ಪಿನ ಡಬ್ಬಿಯಲ್ಲಿ ಇಷ್ಟು ಕಥೆ ಇದೆ.

ಒಂದು ಎಚ್ಚರಿಕೆ: ಹಾಶಿಮೋಟೊ ಇರುವವರಿಗೆ ಅಯೋಡಿನ್ ಜಾಸ್ತಿ ಕೊಟ್ಟರೆ ವಾಸಿಯಾಗುವುದಿಲ್ಲ, ಕೆಡಬಹುದು. ಅಯೋಡಿನ್ ಹನಿ, ಕಡಲಪಾಚಿ ಮಾತ್ರೆ ಎಂದು ತರಿಸಿಕೊಳ್ಳಬೇಡಿ.

"ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡಿಂದಾನೇ ಥೈರಾಯ್ಡ್ ಬರೋದಂತೆ?"

ಬಾಗೇಪಲ್ಲಿ, ಪಾವಗಡ ಕಡೆಯವರು ಇದನ್ನು ಕೇಳುವುದು ಸಹಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ಕಣ್ಣೆದುರಿಗೇ ಇದೆ. ಥೈರಾಯ್ಡಿನ ಜೊತೆ ಅದರ ನಂಟು ಅಷ್ಟು ಖಚಿತವಾಗಿ ಸಾಬೀತಾಗಿಲ್ಲ. ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ, ಹಲ್ಲಿಗೂ ಮೂಳೆಗೂ ಒಳ್ಳೆಯದು. ಹಾಗಂತ ನೀರು ಬದಲಾಯಿಸಿದೆ, ಇನ್ನು ಮಾತ್ರೆ ಬೇಡ ಎಂದು ನಿಲ್ಲಿಸಬೇಡಿ.

"ಕಾಫಿ ಕುಡಿದೇ ಮಾತ್ರೆ ತಗೊಳ್ತೀನಿ. ಡೋಸ್ ಏರಿಸ್ತಾನೇ ಇದಾರೆ."

ಇದರಲ್ಲಿ ಪ್ರಶ್ನೆಯೂ ಇದೆ, ಉತ್ತರವೂ ಇದೆ. ಥೈರಾಕ್ಸಿನ್ ಮಾತ್ರೆ, ಅಂದರೆ ಟಿ4 ಮಾತ್ರೆ, ಬರೀ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಹಸು ಕಟ್ಟಿದವರಿಗೆ ನಾನು ಹೇಳುವುದು: ಹಾಲು ಕರೆಯಲು ಹೋಗುವ ಮುಂಚೆ ಮಾತ್ರೆ ನುಂಗಿ. ಕರೆದು, ಡೈರಿಗೆ ಹಾಕಿ ಬರುವಷ್ಟರಲ್ಲಿ ಗಂಟೆ ಆಗಿರುತ್ತದೆ, ಕಾಫಿ ಕುಡಿಯಿರಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು.

ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಅದಕ್ಕೇ ಒಂದು ದಿನ ಮರೆತರೆ ಆಕಾಶ ಬೀಳುವುದಿಲ್ಲ. ಡೋಸ್ ಬದಲಾದ ವಾರಕ್ಕೇ ಪರೀಕ್ಷೆ ಮಾಡಿಸಿದರೂ ಪ್ರಯೋಜನವಿಲ್ಲ, ಆರರಿಂದ ಎಂಟು ವಾರ ಬೇಕು.

"ಮಾತ್ರೆ ಶುರು ಮಾಡಿ ಮೂರು ತಿಂಗಳಾಯ್ತು. ತೂಕ ಇಳೀತಾನೇ ಇಲ್ಲ."

ಹಾರ್ಮೋನ್ ಕಮ್ಮಿಯಾಗಿ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ. ಅದರಲ್ಲೂ ನೀರೇ ಜಾಸ್ತಿ. ಅಷ್ಟು ಇಳಿಯುತ್ತದೆ. ಉಳಿದ ತೂಕಕ್ಕೆ ಥೈರಾಯ್ಡನ್ನು ದೂರುವುದು ಅನ್ಯಾಯ.

## ಬಸಿರು, ಬಾಣಂತನ, ಮಗು

"ಮಗಳಿಗೆ ಮೂರು ತಿಂಗಳು. ಮಗುಗೆ ತೊಂದರೆ ಅಂತ ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದಾಳೆ."

ಇವತ್ತೇ ಡಾಕ್ಟರಿಗೆ ಹೇಳಿ, ಮತ್ತೆ ಶುರು ಮಾಡಿಸಿ. ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಮೊದಲ ತಿಂಗಳುಗಳಲ್ಲಿ ಕೆಲಸ ಶುರು ಮಾಡಿರುವುದಿಲ್ಲ. ಐದನೇ ತಿಂಗಳ ಹೊತ್ತಿಗೆ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಅಲ್ಲಿಯವರೆಗೆ ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಬಸಿರಿನಲ್ಲಿ ಮಾತ್ರೆ ನಿಲ್ಲಿಸುವುದಿರಲಿ, ಡೋಸನ್ನು ಸಾಮಾನ್ಯವಾಗಿ ಕಾಲುಭಾಗದಿಂದ ಅರ್ಧದಷ್ಟು ಏರಿಸಬೇಕಾಗುತ್ತದೆ. ಕಮ್ಮಿ ಹಾರ್ಮೋನನ್ನು ಹಾಗೇ ಬಿಟ್ಟರೆ ಗರ್ಭಪಾತ, ದಿನ ತುಂಬುವ ಮುಂಚೆ ಹೆರಿಗೆ, ಬಿಪಿ ಏರುವ ಅಪಾಯ ಹೆಚ್ಚು. ಹೈಪರ್ ಇರುವ ಬಸುರಿಗೂ ಮೊದಲ ಮೂರು ತಿಂಗಳಲ್ಲಿ ಔಷಧಿ ಬದಲಾಯಿಸಬೇಕಾಗಬಹುದು. ಆಕೆಯೂ ಬೇಗ ತೋರಿಸಬೇಕು.

"ಹುಟ್ಟಿ ಮೂರು ದಿನದ ಕೂಸಿಗೆ ಹಿಮ್ಮಡಿ ಚುಚ್ಚಿ ರಕ್ತ ತೆಗೆದ್ರು. ಮಗು ಚೆನ್ನಾಗೇ ಇದೆಯಲ್ಲ?"

ಚೆನ್ನಾಗಿ ಕಾಣುವುದೇ ಅಪಾಯ. ನಮ್ಮ ದೇಶದಲ್ಲಿ ಸಾವಿರ ಚಿಲ್ಲರೆ ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನ್ ಸಾಲದು. ತಾಯಿಯಿಂದ ಬಂದ ಹಾರ್ಮೋನ್ ಕೆಲವು ದಿನ ಕಾಯುವುದರಿಂದ ಏನೂ ಗೊತ್ತಾಗುವುದಿಲ್ಲ. ಬಿಡದ ಕಾಮಾಲೆ, ನಿದ್ದೆಗಣ್ಣಿನ ಮಗು, ಗೊಗ್ಗರು ಅಳು, ದಪ್ಪ ನಾಲಿಗೆ, ಉಬ್ಬಿದ ಹೊಕ್ಕುಳು ಕಾಣುವ ಹೊತ್ತಿಗೆ ಮೆದುಳಿಗೆ ಪೆಟ್ಟು ಬಿದ್ದಿರುತ್ತದೆ. ಮೊದಲ ಎರಡು ವಾರದಲ್ಲಿ ಮಾತ್ರೆ ಶುರುವಾದರೆ ಮಗು ಬೇರೆ ಮಕ್ಕಳ ಹಾಗೇ ಬೆಳೆದು ಶಾಲೆಗೆ ಹೋಗುತ್ತದೆ. ಮಾತ್ರೆ ಪುಡಿ ಮಾಡಿ ಒಂದು ಚಮಚ ತಾಯಿ ಹಾಲಿನಲ್ಲಿ ಕೊಡುವುದು, ಅಷ್ಟೇ ಕೆಲಸ. 'ಪಾಪ, ಕೂಸಿಗೆ ಯಾಕೆ ಚುಚ್ಚೋದು' ಎಂದು ಅಡ್ಡ ಬರುವ ಅಜ್ಜಿಯರಿಗೆ ಇದನ್ನು ಕೂರಿಸಿ ಹೇಳಿ.

## ಸ್ವಲ್ಪ ಆಳದವು

"ತಾತ ಮಂಕಾಗಿದ್ದಾರೆ, ಸೊರಗಿದ್ದಾರೆ. ವಯಸ್ಸಾಯ್ತು ಅಂತಾರೆ ಎಲ್ಲರೂ."

ವಯಸ್ಸಾದವರಲ್ಲಿ ಹಾರ್ಮೋನ್ ಜಾಸ್ತಿಯಾದರೂ ನಡುಕ, ಸಿಟ್ಟು, ಬೆವರು ಕಾಣದೇ ಇರಬಹುದು. ಬರೀ ಮಂಕು, ತೂಕ ಇಳಿತ, ತಾಳ ತಪ್ಪಿದ ನಾಡಿ. ಹೃದಯದ ಮೇಲಿನ ಕೋಣೆ ಹೀಗೆ ತಾಳ ತಪ್ಪಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಕೈ ನಾಡಿ ಹಿಡಿದು ನೋಡಿ. ಗಡಿಬಿಡಿಯಾಗಿ, ಲಯವಿಲ್ಲದೆ ಬಡಿಯುತ್ತಿದ್ದರೆ ಇಸಿಜಿ ಜೊತೆಗೆ ಟಿಎಸ್‌ಎಚ್ ಕೂಡ ಮಾಡಿಸಿ.

"ಬೀಗರ ಊಟ ಉಂಡು ಮಲಗಿದ ತಮ್ಮನಿಗೆ ಬೆಳಿಗ್ಗೆ ಕಾಲೇ ಎತ್ತಕ್ಕಾಗಲಿಲ್ಲ. ಥೈರಾಯ್ಡ್ ಟೆಸ್ಟ್ ಯಾಕೆ ಬರೆದ್ರು?"

ಬರೆದ ಡಾಕ್ಟರಿಗೆ ಕೈಮುಗಿಯಿರಿ. ಹಾರ್ಮೋನ್ ಜಾಸ್ತಿ ಇರುವ ಏಷ್ಯಾದ ಯುವಕರಲ್ಲಿ ಇದೊಂದು ಗುರುತಾದ ತೊಂದರೆ. ಹಾರ್ಮೋನ್ ಜಾಸ್ತಿಯಾದಾಗ ರಕ್ತದ ಪೊಟ್ಯಾಸಿಯಂ ಮಾಂಸಖಂಡದ ಒಳಗೆ ನುಗ್ಗಲು ತಯಾರಾಗಿರುತ್ತದೆ. ಹೊಟ್ಟೆ ಬಿರಿಯ ಅನ್ನ, ಸಿಹಿ ತಿಂದರೆ ಇನ್ಸುಲಿನ್ ಏರಿ ಇನ್ನಷ್ಟು ನೂಕುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಬರಿದಾಗಿ ಬೆಳಗಿನ ಜಾವ ಕಾಲು ಸತ್ತ ಹಾಗೆ ಬಿದ್ದಿರುತ್ತದೆ. ದಿನವಿಡೀ ಮೈಮುರಿದು ದುಡಿದು ಮಲಗಿದಾಗಲೂ ಹೀಗಾಗುತ್ತದೆ. ಸುಸ್ತು ಎಂದು ಗ್ಲೂಕೋಸ್ ಡ್ರಿಪ್ ಹಾಕಿಸಿದರೆ ಇನ್ನೂ ಕೆಡಬಹುದು. ಬೇಕಾಗಿರುವುದು ಪೊಟ್ಯಾಸಿಯಂ, ಅದೂ ಆಸ್ಪತ್ರೆಯಲ್ಲಿ ಅಳೆದು. ಅದು ತೀರಾ ಇಳಿದರೆ ಹೃದಯ ನಿಲ್ಲಬಹುದು. ಥೈರಾಯ್ಡ್ ಹದಕ್ಕೆ ಬಂದರೆ ಈ ಕಾಟ ನಿಲ್ಲುತ್ತದೆ. ಅಲ್ಲಿಯವರೆಗೆ ಬೀಗರ ಊಟ ಅರ್ಧ ಎಲೆಗೆ ಸಾಕು.

"ಹೈಪರ್‌ಗೆ ಕಾರ್ಬಿಮಜೋಲ್ ಕೊಟ್ಟಿದ್ದಾರೆ. ಗಂಟಲು ನೋವು, ಜ್ವರ. ಒಂದು ಜ್ವರದ ಮಾತ್ರೆ ಕೊಡಿ."

ಇಲ್ಲಿ ನಾನು ಜ್ವರದ ಮಾತ್ರೆ ಕೊಟ್ಟು ಕಳಿಸುವುದಿಲ್ಲ. ಅಪರೂಪಕ್ಕೆ ಈ ಔಷಧಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಪೂರ್ತಿ ಇಳಿಸಿಬಿಡುತ್ತದೆ. ಅದರ ಮೊದಲ ಸುಳಿವೇ ಜ್ವರ, ಗಂಟಲು ನೋವು, ಬಾಯಿ ಹುಣ್ಣು. ಮಾತ್ರೆ ನಿಲ್ಲಿಸಿ, ಅದೇ ದಿನ ರಕ್ತಕಣದ ಎಣಿಕೆ ಮಾಡಿಸಿ, ಡಾಕ್ಟರನ್ನು ಕಾಣಿ.

"ಕಣ್ಣು ಮುಂದಕ್ಕೆ ಬಂದಿದೆ. ಬೀಡಿಗೂ ಇದಕ್ಕೂ ಸಂಬಂಧ ಇದೆಯಾ?"

ಇದೆ. ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣಿನ ಹಿಂದಿನ ಕೊಬ್ಬು, ಮಾಂಸಖಂಡ ಊದಿ ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತವೆ. ಬೀಡಿ, ಸಿಗರೇಟು ಅದನ್ನು ಬಹಳ ಹೆಚ್ಚಿಸುತ್ತವೆ. ಬಣ್ಣ ಮಂಕಾಗಿ ಕಂಡರೆ, ಒಂದು ಎರಡಾಗಿ ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ತಕ್ಷಣ ಹೋಗಿ.

"ಟಿಎಸ್‌ಎಚ್ ನಾರ್ಮಲ್ ಬಂತು. ಆದ್ರೂ ಹೆರಿಗೆ ಆದಾಗಿಂದ ಹೆಂಡತಿ ಹಾಗೇ ಇದಾಳೆ."

ಕೆಲವು ಮಾತು ಕೇಳಬೇಕು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತಾ? ಎದೆಹಾಲು ಬರಲೇ ಇಲ್ಲವಾ? ಮುಟ್ಟು ವಾಪಸ್ ಶುರುವಾಗಿಲ್ಲವಾ? ಯಾವಾಗಲೂ ಚಳಿ, ಎದ್ದರೆ ತಲೆಸುತ್ತು, ಕಂಕುಳ ಕೂದಲು ಉದುರಿದೆಯಾ? ಹೌದು ಎಂದರೆ ರೀಲಿಂಗ್ ಘಟಕದ ಮಾಲೀಕನೇ ಹಾಸಿಗೆ ಹಿಡಿದಿದ್ದಾನೆ ಎಂಬ ಅನುಮಾನ ಬರಬೇಕು. ಬಸಿರಿನಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ. ರಕ್ತ ಸುರಿದು ಬಿಪಿ ಕುಸಿದರೆ ಅದಕ್ಕೆ ರಕ್ತ ಸಾಲದೆ ಒಂದಷ್ಟು ಭಾಗ ಸತ್ತುಹೋಗುತ್ತದೆ. ಶೀಹಾನ್ ಸಿಂಡ್ರೋಮ್ ಎಂದು ಇದರ ಹೆಸರು. ಆಮೇಲೆ ಟಿ4 ಎಷ್ಟೇ ಇಳಿದರೂ ಕೂಗುವವನೇ ಇಲ್ಲ. ಟಿಎಸ್‌ಎಚ್ ನೋಡಿದರೆ ನಾರ್ಮಲ್ ಅಥವಾ ಕಮ್ಮಿ. ಅದಕ್ಕೇ ಇಲ್ಲಿ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಕೂಡ ಮಾಡಿಸಬೇಕು, ಜೊತೆಗೆ ಬೆಳಗಿನ ಕಾರ್ಟಿಸಾಲ್, ಅಂದರೆ ಮೈಗೆ ಕಷ್ಟ ತಡೆದುಕೊಳ್ಳುವ ಶಕ್ತಿ ಕೊಡುವ ಇನ್ನೊಂದು ಹಾರ್ಮೋನ್. ಪಿಟ್ಯುಟರಿ ಕೆಟ್ಟರೆ ಕಾರ್ಟಿಸಾಲ್ ಕೂಡ ಇಳಿದಿರಬಹುದು. ಆ ಸ್ಥಿತಿಯಲ್ಲಿ ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ಇರುವ ಚೂರು ಕಾರ್ಟಿಸಾಲೂ ಬೇಗ ಖರ್ಚಾಗಿ ಜೀವಕ್ಕೇ ಕುತ್ತು. ಮೊದಲು ಕಾರ್ಟಿಸಾಲಿನ ಜಾಗಕ್ಕೆ ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್.